ಅರಿಶಿನದ ನೀರು ಕುಡಿದ ಮರಿಗಳು

ಮಾವನವರ ಎದುರು ನಿಂತು ಮಾತಾಡುವ ಧೈರ್ಯ ನನಗೆ ಬಂದದ್ದು ಮೀನಿನ ಮರಿಗಳಿಂದ. ಅವೂ ಎಂಥವು? ಕಣ್ಣು ಕಿರಿದು ಮಾಡಿ, ಉಸಿರು ಬಿಗಿಹಿಡಿದು ನೋಡಿದರೆ ಮಾತ್ರ ಕಾಣುವಂಥವು. ನಮ್ಮ ಕೇರಿಯಲ್ಲಿ ನನಗಿಂತ ಓದಿದ, ಹಾಡು ಬಲ್ಲ, ಮುದ್ದೆಯನ್ನು ಗಂಟಿಲ್ಲದೆ ತಿರುವಬಲ್ಲ ಸೊಸೆಯರು ಬೇಕಾದಷ್ಟಿದ್ದರು. ಪಾಪ, ಅವರ್ಯಾರಿಗೂ ಮೀನಿನ ಮರಿ ಇರಲಿಲ್ಲ.

ಅರವತ್ತರ ದಶಕದ ಮಾತು. ಯಳಂದೂರಿನಿಂದ ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಹೊಸತು. ಮುಂದೆ ಜವಳಿ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಮನೆಯಲ್ಲಿದ್ದವರು ಮೂರೇ ಜನ: ಮಾವ, ನಮ್ಮವರು, ನಾನು. ಅತ್ತೆ ನಮ್ಮವರನ್ನು ಹೆತ್ತ ವಾರದಲ್ಲೇ ತೀರಿಕೊಂಡಿದ್ದರಂತೆ. ಇದನ್ನು ನನಗೆ ಹೇಳಿದ್ದೂ ಮನೆಯವರಲ್ಲ, ಪಕ್ಕದ ಮನೆಯ ಸೂಲಗಿತ್ತಿ ನರ್ಸು ಆರೋಗ್ಯಮ್ಮ. ಮಾವ ಆ ಮಾತನ್ನು ಎಂದೂ ಎತ್ತಿದವರಲ್ಲ. ಹಣೆ ತುಂಬ ವಿಭೂತಿ, ಎದೆಯ ಮೇಲೆ ಲಿಂಗ. ಪೂಜೆಯಾಗದೆ ತೊಟ್ಟು ನೀರು ಕುಡಿಯುವವರಲ್ಲ. ಗಿರಾಕಿಗಳು ‘ಬುದ್ಧಿ’ ಎಂದು ಕೈಮುಗಿಯುವ ಹಿರಿಯರು.

ಇಂಥ ಮನೆಗೆ ನನ್ನ ಅಣ್ಣ ಒಂದು ಗಾಜಿನ ತೊಟ್ಟಿಯನ್ನೂ ಎರಡು ಚಿನ್ನದ ಮೀನನ್ನೂ ಉಡುಗೊರೆಯಾಗಿ ತಂದುಬಿಟ್ಟ. ಅವನು ಮೈಸೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವವನು. ಬೀಗರ ಮನೆಗೆ ಏನು ಒಯ್ಯಬೇಕೆಂಬುದು ಆ ಶಾಸ್ತ್ರದಲ್ಲಿಲ್ಲ.

“ಏನವ್ವ ಇದು?” ಎಂದರು ಮಾವ.

ಮೀನು ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ. “ಅಲಂಕಾರಕ್ಕೆ, ಮಾವ” ಎಂದೆ.

“ಅಲಂಕಾರ ಈಜಾಡ್ತಾ ಅದಲ್ಲ!”

ಆದರೂ ಬೀಗರ ಉಡುಗೊರೆಯೆಂದು ಸುಮ್ಮನಾದರು. ತೊಟ್ಟಿ ಪರದೆಯ ಪಕ್ಕದ ಗೂಡಿನಲ್ಲಿ ಕೂತಿತು. ಪಂಚೆ ಕೊಳ್ಳಲು ಬಂದ ಮುಳ್ಳೂರಿನ ರೈತರೊಬ್ಬರು ಅದನ್ನು ಇಣುಕಿ ನೋಡಿ, “ಏನ್ ಬುದ್ಧಿ, ನಿಮ್ಮನೇಲೂ ಮೀನ್ ಸಾರು ಸುರುವಾಯ್ತಾ?” ಎಂದು ಕೇಳುವವರೆಗೆ ಅಲ್ಲೇ ಇತ್ತು. ಅಂದೇ ಅದು ಹಿತ್ತಲ ಜಗಲಿಗೆ ವರ್ಗವಾಯಿತು.

ಹಿತ್ತಲ ಜಗಲಿ ಮಾವ ಬೆಳಗ್ಗೆ ಬೇವಿನ ಕಡ್ಡಿ ಹಿಡಿದು ಕೂರುವ ಜಾಗ. ಅಲ್ಲಿ ಎಳೆಬಿಸಿಲು ಬೀಳುತ್ತದೆ. ಬಿಸಿಲು ಕಂಡು ಮೀನುಗಳಿಗೂ ಹುರುಪು ಬಂದಿರಬೇಕು. ಒಂದು ಬೆಳಗ್ಗೆ ಒಲೆಯ ಮುಂದಿದ್ದ ನನ್ನನ್ನು ಮಾವ ಕೂಗಿ ಕರೆದರು. ಅವರು ಹಾಗೆ ಕೂಗಿದ್ದು ಅದೇ ಮೊದಲು.

“ಬಾರವ್ವ ಇಲ್ಲಿ! ಏನನ್ಯಾಯ ನೋಡು! ತಮ್ ಮೊಟ್ಟೇನ ತಾವೇ ತಿಂತಾ ಅವೆ!”

ಓಡಿಹೋಗಿ ನೋಡಿದರೆ ನೀರುಗಿಡದ ಎಲೆಗಳ ಮೇಲೆಲ್ಲ ಗಾಜಿನ ರಾಗಿಕಾಳಿನಂಥ ಮೊಟ್ಟೆಗಳು. ಅಪ್ಪ ಅಮ್ಮ ಇಬ್ಬರೂ ಸೇರಿ ಪುರಿ ತಿನ್ನುವವರಂತೆ ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದಾರೆ. ಹೊಟ್ಟೆಗಿಲ್ಲದೆಯೂ ಅಲ್ಲ, ಆಗತಾನೇ ನಾನು ಕಾಳು ಹಾಕಿದ್ದೆ.

“ಇವುನ್ನ ಆಚ್ಗಾಕು. ಮಕ್ಕಳ ಮೊಗ ತೋರಿಸ್ಬ್ಯಾಡ” ಎಂದು ಮಾವ ತೀರ್ಪು ಕೊಟ್ಟರು. ಬಟ್ಟೆ ಒಗೆಯುವ ಸಿಮೆಂಟು ತೊಟ್ಟಿಗೆ ದಂಪತಿಗಳನ್ನು ಗಡೀಪಾರು ಮಾಡಿದೆವು. ಅಲ್ಲಿ ಅವು ಪಶ್ಚಾತ್ತಾಪದ ಸುಳಿವೂ ಇಲ್ಲದೆ ಸುಖವಾಗಿದ್ದವು.

ಪುರಾಣದಲ್ಲಿ ಮನುವಿನ ಬೊಗಸೆಗೂ ಒಂದು ಅನಾಥ ಮೀನಿನ ಮರಿ ಬರುತ್ತದೆ. ಅವನು ಅದನ್ನು ಕಮಂಡಲಕ್ಕೆ, ಕೆರೆಗೆ, ಹೊಳೆಗೆ, ಕೊನೆಗೆ ಕಡಲಿಗೆ ಬಿಟ್ಟನೆಂದು ಪಾತ್ರೆಗಳ ವಿವರವೆಲ್ಲ ಇದೆ. ಅದಕ್ಕೆ ಏನು ತಿನ್ನಿಸಿದ ಎಂಬುದು ಮಾತ್ರ ಇಲ್ಲ. ಪುರಾಣ ಬರೆದವರು ಗಂಡಸರೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಈ ಕಥೆಯನ್ನು ಮಾವನಿಗೆ ಹೇಳಿದರೆ, “ಅದು ವಿಷ್ಣು ಮೀನು ಕನವ್ವ, ತನ್ ಊಟ ತಾನ್ ನೋಡ್ಕತದೆ. ನಮ್ಮವು ಪಾಪದವು” ಎಂದರು.

‘ನಮ್ಮವು’ ಎಂದದ್ದನ್ನು ನಾನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಮರಿಗಳು ಹೊರಬಂದಾಗ ಗಾಜಿಗೆ ಅಂಟಿದ ನೂಲಿನ ತುಣುಕುಗಳಂತಿದ್ದವು, ಪ್ರತಿ ತುಣುಕಿನ ತುದಿಗೂ ಎರಡು ಕಪ್ಪು ಚುಕ್ಕೆ. “ನೂಲ್ಗೆ ಕಣ್ ಬಂದಂಗದೆ” ಎಂದರು, ಜೀವಮಾನವಿಡೀ ನೂಲು ನೋಡಿದ ಮಾವ. ಹುಟ್ಟುವಾಗ ತಂದ ಬುತ್ತಿ ಹೊಟ್ಟೆಯ ಚೀಲದಲ್ಲಿರುವ ತನಕ ಅವು ಅಲ್ಲಾಡಲಿಲ್ಲ. ಅದು ಮುಗಿದದ್ದೇ ತೊಟ್ಟಿಯ ತುಂಬ ಓಡಾಡತೊಡಗಿದವು. ಅಲ್ಲಿಂದ ನಮ್ಮ ಫಜೀತಿ ಶುರು. ರಾಗಿಹಿಟ್ಟು ಉದುರಿಸಿದೆ, ನೀರು ನಾರಿತು. ಅನ್ನದ ಗಂಜಿ ಹಾಕಿದೆ. ಮರಿಗಳು ಅದನ್ನು ಮೂಸಲೂ ಇಲ್ಲ. ಬೆಳಗ್ಗೆ ಎದ್ದರೆ ತಳದಲ್ಲಿ ಬೆಳ್ಳಗಾಗಿ ಬಿದ್ದ ಎಳೆಗಳು. ಮಾವ ಬೇವಿನ ಕಡ್ಡಿ ಹಿಡಿದು ಕೂತವರು ಬಾಯಿಗೆ ಹಾಕುವುದನ್ನೇ ಮರೆಯುತ್ತಿದ್ದರು.

ಅಷ್ಟರಲ್ಲಿ ಅಣ್ಣ ನನ್ನನ್ನು ನೋಡಲು ಬಂದ. ತೊಟ್ಟಿಗೆ ಮೂಗು ತಾಗಿಸಿ ನೋಡಿ, “ಸುಲಭ. ಕೋಳಿಮೊಟ್ಟೆ ಬೇಯಿಸಿ, ಹಳದಿಯನ್ನು ತೆಳುಬಟ್ಟೆಯಲ್ಲಿ ಕಟ್ಟಿ ನೀರಲ್ಲಿ ಕಿವುಚು. ಆ ನೀರನ್ನು ಒಂದೊಂದೇ ಹನಿ ಬಿಡು” ಎಂದ. ಮಾವ ಅಲ್ಲೇ ಕೂತಿದ್ದರು. ಎದ್ದು, ಹೆಗಲ ವಸ್ತ್ರ ಕೊಡವಿಕೊಂಡು ಅಂಗಡಿಗೆ ಹೋದರು. ನಮ್ಮವರು ನನ್ನನ್ನು ನೋಡಿದರು, ನಾನು ಅಣ್ಣನನ್ನು ನೋಡಿದೆ, ಅಣ್ಣ ಮರಿಗಳನ್ನು ನೋಡುತ್ತಿದ್ದ.

ಆಗ ನಮ್ಮ ಸಹಾಯಕ್ಕೆ ಬಂದವಳು ಆರೋಗ್ಯಮ್ಮ. ಗಡಿಯ ಕಡೆಯ ತಮಿಳು ಊರಿನವಳು. “ಅಯ್ಯೋ, ಕೊಳಂದೆಗಳು, ಎಳೇ ಕೂಸುಗಳು, ಉಪವಾಸ ಇರಬೌದಾ? ನಮ್ಮನೆ ಒಲೆಗೆ ಯಾವ ಮಡಿ?” ಎಂದು ಅವಳ ಮನೆಯಲ್ಲೇ ಮೊಟ್ಟೆ ಬೇಯಿಸಿ, ಹಳದಿ ನೀರನ್ನು ಔಷಧಿ ಸೀಸೆಯಲ್ಲಿ ತುಂಬಿ ಗೋಡೆಯ ಮೇಲಿಂದ ಕೊಡತೊಡಗಿದಳು. ಮರಿಗಳ ಪಾರದರ್ಶಕ ಹೊಟ್ಟೆಯಲ್ಲಿ ಹಳದಿ ಚುಕ್ಕೆ ಕಾಣಿಸಿಕೊಂಡಿತು.

“ಏನವ್ವ ಅದು ಸೀಸೇಲಿ?” ಎಂದರು ಮಾವ.

“ಅರಿಶಿನದ ನೀರು, ಮಾವ.”

“ಒಳ್ಳೇದು. ಅರಿಶಿನ ಮೈಗೊಳ್ಳೇದು.” ಮೊಗದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಕತ್ತಲಲ್ಲೂ ಬಟ್ಟೆ ಮುಟ್ಟಿ ಅದರ ಊರು ಹೇಳಬಲ್ಲ ಮನುಷ್ಯ ಅರಿಶಿನ ಯಾವುದೆಂದು ತಿಳಿಯದಷ್ಟು ಪೆದ್ದರಲ್ಲವೆಂದು ನನಗೂ ಗೊತ್ತಿತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತಿತ್ತು. ಅವಿಭಕ್ತ ಕುಟುಂಬಗಳು ಉಳಿದಿರುವುದೇ ಇಂಥ ಅರಿಶಿನದಿಂದ.

ಹೀಗಿರುವಾಗ ಆರೋಗ್ಯಮ್ಮನಿಗೆ ಪಾಲಾರ್ ಕಡೆಯಿಂದ ಹೆರಿಗೆಗೆ ಕರೆ ಬಂತು. ಹೋದವಳು ಮರುದಿನವೂ ಬರಲಿಲ್ಲ. ಸೀಸೆ ಬರಿದಾಯಿತು. ಮರಿಗಳು ಮತ್ತೆ ತಳಕ್ಕಿಳಿಯತೊಡಗಿದವು. ಮಾವ ಎರಡು ಸಲ ಬಂದು ಗೋಡೆಯಾಚೆ ಇಣುಕಿದರು. ಆಮೇಲೆ ಕೊಡೆ ತೆಗೆದುಕೊಂಡು ಹೊರಟರು. ಅಂದು ಸಂತೆ.

ತಿರುಗಿ ಬಂದಾಗ ಹೆಗಲ ವಸ್ತ್ರದ ಮಡಿಕೆಯನ್ನು ಎರಡು ಕೈಯಲ್ಲಿ, ಮಂಗಳಾರತಿಯ ತಟ್ಟೆ ಹಿಡಿದಂತೆ ಹಿಡಿದಿದ್ದರು. ಒಳಗೆ ಒಂದು ನಾಟಿ ಕೋಳಿಯ ಮೊಟ್ಟೆ.

“ಮಾರೋವ್ಳು ಎದ್ದೇ ನಿಂತ್ಬುಟ್ಲು ಕನವ್ವ. ‘ಬುದ್ಧಿ, ನಿಮ್ಗಾ?’ ಅಂದ್ಲು. ಮನೇಲಿ ಕೂಸುಗೊಳ್ಗೆ ಉಸಾರಿಲ್ಲ ಅಂದೆ. ‘ಎಷ್ಟ್ ಕೂಸು?’ ಅಂದ್ಲು. ಎಣಿಸಿಲ್ಲ ಅಂದೆ.”

ಮೊಟ್ಟೆ ಹೊಸ್ತಿಲು ದಾಟಲಿಲ್ಲ. ಹಿತ್ತಲ ಕೊನೆಯಲ್ಲಿ ಮೂರು ಕಲ್ಲು ಹೂಡಿ, ಹಳೆಯ ಡಬ್ಬದಲ್ಲಿ ಮಾವ ತಾವೇ ಬೇಯಿಸಿದರು. ಅಂಗಡಿಯಿಂದ ತೆಳ್ಳನೆಯ ಮಲ್ಲು ಬಟ್ಟೆಯ ತುಂಡು ತರಿಸಿದರು. ನಮ್ಮವರು ಬಟ್ಟೆ ತಂದುಕೊಟ್ಟು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ಮಾವ ಹಳದಿಯನ್ನು ಕಟ್ಟಿ ನೀರಲ್ಲಿ ಅದ್ದಿ ಮೆತ್ತಗೆ ಕಿವುಚುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದರು:

“ಇವನ್ಗೂ ಇಂಗೇಯ. ಮೇಕೆ ಆಲು, ಬಟ್ಟೆ ಬತ್ತಿ. ಅದ್ದಾದು, ಬಾಯ್ಗಿಡಾದು. ಜನ ಬದುಕಾಕಿಲ್ಲ ಅಂದ್ರು. ಒಂದೊಂದ್ ತೊಟ್ಟು ಒಳ್ಗೋದ್ರೂ ನಂಗ್ ಗೊತ್ತಾಯ್ತಿತ್ತು, ಗಂಟ್ಲು ಅಷ್ಟ್ ಸಣ್ಣುಕ್ಕಿತ್ತು.”

ನಮ್ಮವರು ಈ ಮಾತನ್ನು ಕೇಳಿದ್ದು ಅದೇ ಮೊದಲು. ಅಪ್ಪನ ಕೈಯಿಂದ ಬಟ್ಟೆ ತೆಗೆದುಕೊಂಡರು. “ಬುಡಿ ಅಪ್ಪ, ಬಿಸಿ ಅದೆ. ನಾ ಮಾಡ್ತೀನಿ” ಎಂದರು. ನಾನು ಒಲೆಯಿಲ್ಲದ ಕಡೆ ನಿಂತು ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡೆ. ಮಾವ ಎರಡನೆಯ ಸ್ನಾನಕ್ಕೆ ಹೋದರು.

ಬಹಳಷ್ಟು ಸತ್ತವು, ಆದರೂ ಉಳಿದವೇ ನಮ್ಮ ತೊಟ್ಟಿಗೆ ಹೆಚ್ಚಾದವು. ಮೊದಲು ಕಪ್ಪಗಿದ್ದು ಮಾವನಿಗೆ ಚಿಂತೆ ಹತ್ತಿಸಿ, ಆಮೇಲೆ ನಿಧಾನವಾಗಿ ಬಂಗಾರಕ್ಕೆ ತಿರುಗಿದವು. ಬೆಳೆದ ಮೇಲೆ ತಂದೆತಾಯಿಗಳ ಜೊತೆ ಬಿಟ್ಟರೆ ಎರಡು ಕಡೆಯವರೂ ಪರಿಚಯವೇ ಇಲ್ಲದಂತೆ ಪಕ್ಕಪಕ್ಕದಲ್ಲಿ ಈಜಿದರು. ಹೆಚ್ಚಾದವನ್ನು ಮಾವ ಬೇಕೆಂದವರಿಗೆ ಸೀಸೆಯಲ್ಲಿ ಹಾಕಿ ಕೊಟ್ಟರು. ಕೊಡುವ ಮೊದಲು ಹೆಣ್ಣು ಕೊಡುವವರಂತೆ ವಿಚಾರಣೆ: ಮನೇಲಿ ಬೆಕ್ಕಿದೆಯಾ, ಬಾವಿ ನೀರು ಸಿಹಿಯೋ ಉಪ್ಪೋ, ಸಿಟ್ಟಿನವರು ಯಾರಾದರೂ ಇದ್ದಾರಾ.

ಒಮ್ಮೆ, ಮದುವೆ ಕಾಲ, ಅಂಗಡಿ ತುಂಬ ಜನ. ಹಾಸಿನ ಮೇಲೆ ಊರಿನ ವಿಭೂತಿ ಹಣೆಯ ಹಿರಿಯರೆಲ್ಲ ಕೂತಿದ್ದಾರೆ. ಕೌದಳ್ಳಿಯಿಂದ ಬಂದ ಗಿರಾಕಿಯೊಬ್ಬರು ಬಾಗಿಲಿನಿಂದಲೇ ಕೂಗಿದರು: “ಬುದ್ಧಿ, ನೀವ್ ಕೊಟ್ಟ ಮೀನು ಮರಿ ಮಾಡವೆ! ಏನಾಕಿದ್ರೂ ತಿನ್ನಾಕಿಲ್ಲ ಅಂತವೆ!”

ಮಾವ ಗಜಕಡ್ಡಿ ಕೆಳಗಿಟ್ಟು, ಅಷ್ಟೇ ಗಟ್ಟಿಯಾಗಿ, “ತಡ ಮಾಡ್ಬ್ಯಾಡಿ. ಒಂದು ಕೋಳಿಮೊಟ್ಟೆ ಬೇಯ್ಸಿ, ಅಳದಿ ತಕಂಡು ಮಲ್ಲು ಬಟ್ಟೇಲಿ ಕಟ್ಟಿ…” ಎಂದವರು ಅಲ್ಲಿಗೇ ನಿಂತರು. ಹಾಸಿನ ಮೇಲಿನ ವಿಭೂತಿ ಹಣೆಗಳೆಲ್ಲ ಮಾವನ ಕಡೆ ತಿರುಗಿದವು. ನಾನು ಪರದೆಯ ಅಂಚು ಸರಿಸಿ ಇಣುಕಿದೆ.

ಹಾಸಿನ ಮೇಲಿದ್ದವರಲ್ಲಿ ಎಲ್ಲರಿಗಿಂತ ಹಿರಿಯರೊಬ್ಬರು ಮಾವನ ಕಡೆ ಬಾಗಿ, ದನಿ ತಗ್ಗಿಸಿ ಕೇಳಿದರು:

“ಎಷ್ಟೊತ್ತು ಬೇಯಿಸ್ಬೇಕು ಅಂದ್ರಿ? ನಮ್ಮನೆಯೋಳು ಮೊಟ್ಟೇನ ವಸಿ ಅರೆಬೆಂದಾಗ್ಲೇ ತೆಗೀತಾಳೆ.”