ನುಂಗುವ ತನಕ ಕೂರುವ ಗುರುಬಸಮ್ಮ

ಹೋದ ವರ್ಷದ ಕಾರ್ತಿಕದ ಚಳಿ. ಕೋಳಿ ಕೂಗಿ ಇನ್ನೂ ಬೆಳಕು ಹರಿಯದ ಹೊತ್ತು. ಅಜ್ಜೀಪುರದ ಓಣಿಯಲ್ಲಿ ಆಶಾ ಕಾರ್ಯಕರ್ತೆ ಗುರುಬಸಮ್ಮ ತಲೆಗೆ ಸೆರಗು ಬಿಗಿದು ನಡೆಯುತ್ತಿದ್ದಳು. ಕೈಚೀಲದಲ್ಲಿ ಕೊಳ್ಳೇಗಾಲದಿಂದ ತಂದ ಮಾತ್ರೆಯ ಡಬ್ಬಿ. ಅದು ಮುತ್ತಯ್ಯನದು. ಆ ಬೆಳಗಿನಿಂದ ಈ ಸಂಗತಿ ಶುರುವಾಯಿತು.

ಮುತ್ತಯ್ಯ, ಅವನ ಹೆಂಡತಿ ಚಿಕ್ಕನಿಂಗಮ್ಮ ರೇಷ್ಮೆ ಹುಳ ಮೇಯಿಸಿ ಬಾಳಿದವರು. ಇಬ್ಬರ ರಕ್ತದಲ್ಲೂ ಹೆಪಟೈಟಿಸ್ ಸಿ ಸಿಕ್ಕಿತ್ತು. ಎಲ್ಲಿಂದ ಬಂತೋ ಇಬ್ಬರಿಗೂ ತಿಳಿಯದು. ಮುತ್ತಯ್ಯನ ಲಿವರ್ ಆಗಲೇ ಕೆಟ್ಟು ಗಟ್ಟಿಯಾಗಿದ್ದರಿಂದ ಅವನ ಮಾತ್ರೆ ಮೊದಲು ಬಂತು. ಚಿಕ್ಕನಿಂಗಮ್ಮನಿಗೆ ಇನ್ನೊಂದು ಪರೀಕ್ಷೆ ಬಾಕಿಯಿತ್ತು. ಒಳಗೆ ಹೆಪಟೈಟಿಸ್ ಬಿ ಅಡಗಿದ್ದರೆ ಈ ಮಾತ್ರೆಗೆ ಅದು ಕೆರಳೀತು, ನೋಡದೆ ಕೊಡುವಂತಿಲ್ಲ. "ಹುಳ ಹಣ್ಣಾಯ್ತಾವ, ಗೂಡು ಕಟ್ಟಿಸ್ಬುಟ್ಟು ಬತ್ತೀನಿ ಕಣವ್ವ" ಎಂದು ಆಕೆ ಇವತ್ತು ನಾಳೆ ಎನ್ನುತ್ತಲೇ ಉಳಿದಳು.

ಗುರುಬಸಮ್ಮ ಹೇಳಬೇಕಾದ್ದನ್ನೆಲ್ಲ ಹೇಳಿದ್ದಳು. ದಿನಕ್ಕೊಂದು, ದಿನವೂ ಒಂದೇ ಹೊತ್ತಿಗೆ. ಎದೆಯುರಿಯೆಂದು ಅಂಗಡಿ ಮಾತ್ರೆ ಕೇಳದೆ ನುಂಗಬಾರದು. ಕಾಮಾಲೆಯ ಸೊಪ್ಪಿನ ರಸ ಬೇಡ, ಹೆಂಡವಂತೂ ಬೇಡವೇ ಬೇಡ. ಮೈ ಹಗುರಾಯಿತೆಂದು ನಡುವೆ ನಿಲ್ಲಿಸಬಾರದು. ಅವಳು ವಾರ ವಾರ ಹೋದಾಗಲೂ ಮುತ್ತಯ್ಯ ಹೆಂಡತಿಯನ್ನು ಕೂಗುವನು.

"ಬಂದ್ಲು ನೋಡಮ್ಮಿ ಮಾತ್ರೆ ಪೋಲೀಸು. ಬಾಗ್ಲು ತಗಿ, ಇಲ್ದಿದ್ರ ಜೈಲ್ಗ ಆಕ್ತಳ."

"ನುಂಗುದ್ರಾ ದೊಡ್ಡಪ್ಪ?"

"ಡಬ್ಬಿಯ ನೋಡ್ಕೊ. ನಾ ಸುಳ್ಳೇಳುದ್ರೂ ಅದೇಳದಿಲ್ಲ."

ಡಬ್ಬಿಯಲ್ಲಿ ಉಳಿಯಬೇಕಾದಷ್ಟೇ ಮಾತ್ರೆ ಉಳಿದಿರುತ್ತಿದ್ದವು. ಗುರುಬಸಮ್ಮ ನೆಮ್ಮದಿಯಿಂದ ಹೊರಡುತ್ತಿದ್ದಳು. ಅವಳ ಗಂಡ ತೀರಿ ಬಹಳ ಕಾಲವಾಯಿತು. ಬೆಳಗ್ಗೆ ಬಾಣಂತಿ, ಹಸುಗೂಸು, ಚುಚ್ಚುಮದ್ದು ಎಂದು ಓಡಾಟ. ಬಿಸಿಲೇರಿದರೆ ಬೇರೆಯವರ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸುವ ಕೂಲಿ. ಹಾರ ಶಾಲು ಕಂಡ ಜೀವವಲ್ಲ.

ಮಾತ್ರೆ ಮುಗಿದು ಮೂರು ತಿಂಗಳಿಗೆ ಮುತ್ತಯ್ಯನ ರಕ್ತ ನೋಡಿದರೆ ವೈರಸ್ಸು ಹಾಗೇ ಕೂತಿತ್ತು. "ನಡುವೆ ಬಿಟ್ಟಿದ್ರಾ?" ಎಂದು ಡಾಕ್ಟರು ಕೇಳಿದರು. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿಗೆ ಬಂದು ಕೂತ ಮೇಲೆ ಮುತ್ತಯ್ಯ ಗುರುಬಸಮ್ಮನ ಮುಂದೆ ಬಾಯಿ ಬಿಟ್ಟ. ಒಂದು ದಿನ ತಾನು, ಒಂದು ದಿನ ಹೆಂಡತಿ, ಹೀಗೆ ಡಬ್ಬಿಯನ್ನು ಇಬ್ಬರೂ ಹಂಚಿಕೊಂಡಿದ್ದರು.

"ಮದ್ವೆ ಆದಾಗ್ಲಿಂದ ಒಂದೇ ತಣಿಗೇಲಿ ಉಂಡೋರು ಕಣವ್ವ. ನಾನೊಬ್ನೇ ಬದಿಕಳ ಮಾತ್ರೆಯ ಅವಳ ಮುಂದ ಎಂಗ್ ನುಂಗನ?"

"ಡಬ್ಬಿ ಬರಿದಾಯ್ತ ಅಂತ ನೋಡ್ದೆ. ಯಾರ ಬಾಯ್ಗ ಓಯ್ತದ ಅಂತ ನೋಡ್ನಿಲ್ಲ" ಎಂದು ಗುರುಬಸಮ್ಮ ಈಗಲೂ ಅನ್ನುತ್ತಾಳೆ. ಅರೆಮದ್ದು ಇಬ್ಬರಿಗೂ ಗುಣ ಕೊಟ್ಟಿರಲಿಲ್ಲ. ಚಿಕ್ಕನಿಂಗಮ್ಮನನ್ನು ಕೈಹಿಡಿದು ಕರೆದೊಯ್ದು ಬಾಕಿ ಪರೀಕ್ಷೆಯನ್ನೆಲ್ಲ ಮಾಡಿಸಿದಳು. ಮುತ್ತಯ್ಯನಿಗೆ ಡಾಕ್ಟರು ಬೇರೆ ಮಾತ್ರೆ ಯೋಚಿಸುವಷ್ಟರಲ್ಲಿ ಅವನ ಹೊಟ್ಟೆಯಲ್ಲಿ ನೀರು ತುಂಬಿತು, ಕಾಲು ಊದಿತು.

ಈಗ ಗುರುಬಸಮ್ಮ ಡಬ್ಬಿ ನೋಡುವುದಿಲ್ಲ. ದಿನಾ ಮಬ್ಬಿನಲ್ಲೇ ಹೋಗಿ ಚಿಕ್ಕನಿಂಗಮ್ಮನ ಎದುರು ಕೂರುತ್ತಾಳೆ. ಆಕೆ ಮಾತ್ರೆಯನ್ನು ಅಂಗೈಯಲ್ಲೇ ಇಟ್ಟುಕೊಳ್ಳುತ್ತಾಳೆ.

"ಅವ್ರ ಪಾಲ ನಾ ತಿಂದ್ಬುಟ್ಟೆ. ಇನ್ನಿದ್ಯಾಕವ್ವ ನಂಗ?"

"ನೀ ಕಿತ್ಕಂಡಿಲ್ಲ ದೊಡ್ಡವ್ವ, ಅವ್ರೇ ಕೊಟ್ರು. ನುಂಗು."

"ಸೊಪ್ಪು ಬುಡ್ಸಕ ಒತ್ತಾಯ್ತದ ನಿಂಗ. ಓಗು, ಆಮ್ಯಾಕ ನುಂಗ್ತೀನಿ."

"ಒತ್ತಾದ್ರ ಆಗ್ಲಿ. ನಾ ಏಳಕಿಲ್ಲ."

ಚಿಕ್ಕನಿಂಗಮ್ಮ ನುಂಗಿ, ಬಾಯಿ ತೆರೆದು ತೋರಿಸುತ್ತಾಳೆ. ಒಂದೊಂದು ದಿನ ಅಳು ಮುಗಿಯುವುದಕ್ಕೇ ಬಿಸಿಲು ಬಾಗಿಲಿಗೆ ಬಂದಿರುತ್ತದೆ. ಗುರುಬಸಮ್ಮನ ಆ ದಿನದ ಕೂಲಿ ಹೋಯಿತೆಂದೇ ಲೆಕ್ಕ.

ನಿನಗೇನು ಬೇಕು ತಾಯಿ ಎಂದು ಕೇಳಿದರೆ ಗುರುಬಸಮ್ಮ ತನ್ನ ಮಾತೆತ್ತುವುದಿಲ್ಲ. "ಒಂದ್ ಮನೇಲಿ ಗಂಡ ಎಡ್ತಿ ಇಬ್ಬರ್ಗೂ ಬಂದಿದ್ರ, ಇಬ್ಬರ ಡಬ್ಬೀನೂ ಒಂದೇ ಜಿನ ಬರ್ಲಿ ಸಾ. ಅಷ್ಟೇಯ."

ಚಿಕ್ಕನಿಂಗಮ್ಮನ ಡಬ್ಬಿ ಬಂದದ್ದು ಆಷಾಢದ ಒಂದು ಬುಧವಾರ. ಮುತ್ತಯ್ಯ ಹೋದದ್ದು ಅದರ ಹಿಂದಿನ ಭಾನುವಾರ.