ಸವಡಿಯ ಪರಶಪ್ಪನ ಕೈ

ಕಂಪನಿ ಸರಕಾರದ ಮೇಲೆ ಎದ್ದಿದ್ದ ನರಗುಂದದ ಕೋಟೆ ಬಿದ್ದ ಸುದ್ದಿ ಸವಡಿಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಆದರೂ ಆ ಮುಂಜಾನೆ ಪರಶಪ್ಪ ಹಿತ್ತಲ ಬೇವಿನ ಟೊಂಗೆಗೆ ಕಬ್ಬಿಣದ ಬಳೆ ಕಟ್ಟಿ ನಿಂಬೆಕಾಯಿ ಒಗೆಯುತ್ತಿದ್ದ. ನಾಗರ ಪಂಚಮಿಯ ಪಂಥ ಇನ್ನೂ ದೂರವಿತ್ತು. ಕೈ ಪಳಗಬೇಕಲ್ಲ.

ಅವನ ಹೆಂಡತಿ ಗಾಳೆವ್ವ ಒಲೆಯ ಮುಂದಿನಿಂದಲೇ ಕೂಗಿದಳು. "ಉಪ್ಪಿನಕಾಯಿಗೆ ಇಟ್ಟಿದ್ದು ಅವು! ಬಳಿಯಾಗ ಒಗಿಯಾಕ ಬರತೈತಿ, ಒಲಿಯಾಗ ಒಂದು ಕಟಗಿ ಒಗಿಯಾಕ ಬರಂಗಿಲ್ಲ ನಿಮಗ."

"ಒಲಿಗೆ ಪಂಥಾ ಯಾರು ಕಟ್ಟತಾರ, ತಂಗೀ?" ಎಂದ ಕಳಕಪ್ಪ. ಪರಶಪ್ಪನ ಗೆಳೆಯ, ವಯಸ್ಸಿನಲ್ಲಿ ಹಿರಿಯ, ಹೆಂಡತಿ ಮಕ್ಕಳಿಲ್ಲದವ. ಪರಶಪ್ಪ ಒಗೆದ ನಿಂಬೆಯ ಹಿಂದೆ ಓಡಿ, ಬಿದ್ದ ಜಾಗ ಗುರುತಿಡುವುದೇ ಅವನ ಸಂಭ್ರಮ.

"ನಿನಗ ರೊಟ್ಟಿ ಹಾಕೂದು ಇದ ಒಲಿ, ಅಣ್ಣಾ. ಮರೀಬ್ಯಾಡ."

ಮೂವರೂ ನಕ್ಕರು.

ಪಂಚಮಿಯ ಪಂಥ ಹೀಗಿತ್ತು. ಒಂದು ಊರಿನ ಅಗಸಿ ಬಾಗಿಲಿನಿಂದ ನಿಂಬೆ ಒಗೆಯುತ್ತ, ಬಿದ್ದಲ್ಲಿಂದ ಮತ್ತೆ ಒಗೆಯುತ್ತ, ಇನ್ನೊಂದು ಊರಿನ ಅಗಸಿ ಮುಟ್ಟಬೇಕು. ಅಲ್ಲಿ ಗಳಕ್ಕೆ ಕಟ್ಟಿದ ಬಳೆಯೊಳಗೆ ಕೊನೆಯ ನಿಂಬೆ ಹಾಯಬೇಕು. ದೂರ ಒಗೆಯುವವರು ಊರಿಗೊಬ್ಬರಿದ್ದರು. ಬಳೆಯೊಳಗೆ ಹಾಯಿಸುವವನು ಪರಶಪ್ಪ ಒಬ್ಬನೇ. ಗೌಡರ ಜೋಳದ ಹೊಲದಲ್ಲಿ ಹಕ್ಕಿ ಕಾಯುತ್ತ ಕಲಿತ ಕೈ. ಮೊದಲು ಬೆಳವಣಕಿಯಲ್ಲಿ ಗೆದ್ದ. ಆಮೇಲೆ ಗಜೇಂದ್ರಗಡದವರು ಕರೆದರು, ನರಗುಂದ ಸಂಸ್ಥಾನದವರು ಕರೆದರು, ಗಡಿಯಾಚೆಯ ಮೊಗಲಾಯಿಯವರೂ ಗಾಡಿ ಕಳಿಸಿದರು. ಕಂಪನಿ ಸೀಮೆಯ ಕೂಲಿಯವನನ್ನು ನಿಜಾಮನ ಸೀಮೆಯವರು ಹೆಗಲ ಮೇಲೆ ಹೊತ್ತು ಕುಣಿದರು. ಒಂದು ವರ್ಷ ಇಟಗಿಯಲ್ಲಿ ನಿಂಬೆ ಬಳೆಯ ಅಂಚಿಗೆ ಬಡಿದು ಸೋತ. ಅವತ್ತು ಮನೆಗೆ ಬಂದು ಉಣ್ಣಲಿಲ್ಲ. ಬರಬರುತ್ತ ಬಲಭುಜ ಎಡಕ್ಕಿಂತ ದಪ್ಪವಾಯಿತು, ತೋರುಬೆರಳು ಜಡ್ಡುಗಟ್ಟಿತು. ಗಾಳೆವ್ವ ಅಂಗಿಯ ಬಲತೋಳು ಬಿಚ್ಚಿ, ತುಂಡು ಕೂಡಿಸಿ ಹೊಲಿದಳು.

ಹಿತ್ತಲಲ್ಲಿ ನಿಂಬೆ ಒಗೆದ ಮರುದಿನ ಕಂಪನಿಯ ದಂಡು ಬಂತು. ಕೋಟೆಯಿಂದ ತಪ್ಪಿಸಿಕೊಂಡವರನ್ನು ಹುಡುಕುತ್ತಿದ್ದರು. ಗಂಡಸರನ್ನು ಚಾವಡಿಯ ಮುಂದೆ ಸಾಲಾಗಿ ನಿಲ್ಲಿಸಿ ಅಂಗಿ ಬಿಚ್ಚಿಸಿದರು. ದಂಡಿನ ಜಮಾದಾರ ಪರಶಪ್ಪನ ಬಲಭುಜ ಒತ್ತಿ ನೋಡಿದ, ಬೆರಳು ತಿರುವಿ ನೋಡಿದ.

"ಇದು ಬಂದೂಕಿನ ಕೈ."

"ಅಲ್ರಿ ಸರಕಾರ. ನಿಂಬಿಕಾಯಿ ಒಗೀತೀನ್ರಿ."

ದಂಡಿನವರು ನಕ್ಕರು. ಜಮಾದಾರನೂ ನಕ್ಕ. ಗೋಡೆಯ ಪಕ್ಕ ನಿಂತಿದ್ದ ಗಾಳೆವ್ವನಿಗೆ ಹೋದ ಜೀವ ಬಂದಂತಾಯಿತು. ನಕ್ಕವರು ಬಿಟ್ಟಾರು ಅನಿಸಿತು.

ಅಷ್ಟರಲ್ಲಿ ಕಳಕಪ್ಪ ಕೈ ಮುಗಿದು ಮುಂದೆ ಬಂದ. ಗೆಳೆಯನನ್ನು ಬಿಡಿಸಬೇಕು, ಅದೊಂದೇ ಅವನ ತಲೆಯಲ್ಲಿ.

"ಖರೇ ಐತ್ರಿ ಸಾಹೇಬ್ರ. ಮೂರು ಸೀಮಿಯೊಳಗ ಇಂಥಾ ಗುರಿ ಇಲ್ರಿ. ಕೋಟಿ ಮ್ಯಾಲ ನಿಂತು ಒಗದ್ರೂ ಕೆಳಗಿದ್ದವನ ರುಮಾಲಿಗೇ ಬಡೀತೈತ್ರಿ."

"ನರಗುಂದಕ್ಕೆ ಹೋಗಿದ್ದನೇನು?"

"ಹೋಗದ ಏನ್ರಿ! ವರ್ಷಾ ಹೋಗತಾನ. ಅಲ್ಲಿ ಮಂದಿಗೆಲ್ಲಾ ಇವನ ಗುರುತು ಐತ್ರಿ. ಅವರ ಕೇಳ್ರಿ ಬೇಕಾದ್ರ!"

"ಅಣ್ಣಾ, ಸಾಕು!" ಗಾಳೆವ್ವ ಚೀರಿದಳು.

ಜಮಾದಾರನ ನಗು ನಿಂತಿತ್ತು. ಪರಶಪ್ಪನ ಕೈಯನ್ನು ಬೆನ್ನ ಹಿಂದೆ ಕಟ್ಟಿದರು.

"ಅಳಬ್ಯಾಡ. ಕೇಳಿ ಬಿಟ್ಟು ಕಳಸ್ತಾರ, ಲಗೂ ಬರತೀನಿ" ಎಂದ ಪರಶಪ್ಪ ಹೆಂಡತಿಗೆ.

ಬರಲಿಲ್ಲ. ಬೆಳವಣಕಿಯ ಸಂತೆಗೆ ಹೋಗಿದ್ದ ಪಿಂಜಾರ ಮಲಿಕಸಾಬ ಸುದ್ದಿ ತಂದ. ಹಿಡಿದವರನ್ನೆಲ್ಲ ಗಲ್ಲಿಗೆ ಹಾಕಿದ್ದರು. ಹೆಣ ಕೊಡಲಿಲ್ಲ.

ಕಳಕಪ್ಪ ಮಾತು ಬಿಟ್ಟ. ಮನೆಯಿಂದ ಹೊರಗೆ ಬರುವುದನ್ನೂ ಬಿಟ್ಟ. ಓಣಿಯವರು ಅವನ ಬಾಗಿಲಿಗೆ ಉಗುಳಿ ಹೋಗುತ್ತಿದ್ದರು. ಗಾಳೆವ್ವನೂ ಹೋದಳು, ನೀನೇ ಕೊಂದೆ ಎಂದು ಮುಖದ ಮೇಲೆ ಅಂದಳು. ಅವನು ತಲೆ ಎತ್ತಲಿಲ್ಲ. ತುಟಿಗಳು ಒಡೆದಿದ್ದವು. ಮೂಲೆಯ ಹರವಿಯಲ್ಲಿ ನೀರಿನ ಹನಿ ಇರಲಿಲ್ಲ.

"ನೀರರ ಕುಡದೀಯೇನೋ ಯಣ್ಣಾ?"

ಹೋಗಿ ತನ್ನ ಕೊಡ ತಂದು ಹರವಿಗೆ ಸುರುವಿದಳು.

ಈಗಲೂ ದಿನಾ ಮುಂಜಾನೆ ಕೆರೆಯಿಂದ ತಂದ ಮೊದಲ ಕೊಡ ಅವಳ ಮನೆಗೆ, ಎರಡನೆಯದು ಅವನ ಹರವಿಗೆ. ಸುರುವುತ್ತಾಳೆ. ಮಾತಾಡುವುದಿಲ್ಲ. ಬಾಗಿಲು ಎಳೆದು ಮುಂದೆ ಮಾಡಿಕೊಂಡು ಬರುತ್ತಾಳೆ.