ಷಡ್ಡಕನ ಕಂದೀಲು, ನನ್ನ ಪೆಟ್ಟಿಗೆ

ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಸಂಕಟಕ್ಕೆಲ್ಲ ಅದೇ ಮೂಲ. ಅವನಿಗೊಂದು ಇಸ್ಪೀಟಿನ ಚಟವಾದರೂ ಇದ್ದಿದ್ದರೆ ನಾನು ನೆಮ್ಮದಿಯಾಗಿ ಇರುತ್ತಿದ್ದೆ.

ನಮ್ಮ ಮಾವನವರದು ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರ. ತೊಂಬತ್ತರ ದಶಕದಲ್ಲಿ ಪ್ರತಿ ಬೇಸಿಗೆ ರಜೆಗೆ ಮನೆಮಂದಿಯನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಕಲಘಟಗಿಯ ಆಚೆ ಗೆಳೆಯರೊಬ್ಬರ ಹೊಲಕ್ಕೆ ಹೋಗುತ್ತಿದ್ದರು. ಮುಂದೆ ಕೆರೆ, ಹಿಂದೆ ಕಾಡು. ಹತ್ತಿಗೆ ಹೊದಿಸುವ ತಾಡಪತ್ರಿಗಳನ್ನೇ ಬಿಗಿದು ಡೇರೆ ಮಾಡಿ ಎರಡು ರಾತ್ರಿ ಅಲ್ಲೇ ಇರುತ್ತಿದ್ದೆವು. ಕರೆಂಟಿನ ಸುದ್ದಿಯೇ ಇಲ್ಲ. ಹೊತ್ತು ಮುಳುಗುತ್ತಲೇ ಸೀಮೆಎಣ್ಣೆಯ ಗ್ಯಾಸ್ ಬತ್ತಿಗೆ ಗಾಳಿ ಹೊಡೆದು ಹೊತ್ತಿಸುವುದು ಹಿರಿಯ ಅಳಿಯನಾದ ನನ್ನ ಕೆಲಸ. ದುರ್ಗದಬೈಲ್‌ನಲ್ಲಿ ನನ್ನದು ವೈರು, ಸ್ವಿಚ್ಚು, ಬಲ್ಬುಗಳ ಅಂಗಡಿ. ಬೆಳಕಿನ ವಿಷಯದಲ್ಲಿ ಆ ಮನೆಯಲ್ಲಿ ನನ್ನ ಮಾತೇ ಕೊನೆ. ಬತ್ತಿ ಬುಸ್ಸೆಂದು ಹೊತ್ತಿಕೊಂಡಾಗ ಮಾವನವರು, "ನಮ್ಮ ಅಳಿಯಾರ ಕೈಗುಣ ನೋಡ್ರಿ" ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ನಾನು ವರ್ಷವಿಡೀ ಕಾಯುತ್ತಿದ್ದೆ. ನನ್ನ ಸ್ವಂತ ಅಪ್ಪ ಯಾವತ್ತೂ ನನ್ನನ್ನು ಹಾಗೆ ಹೊಗಳಿದವರಲ್ಲ.

ಆಮೇಲೆ ಷಡ್ಡಕ ಬಂದ. ವಿದ್ಯಾನಗರದ ಕಾಲೇಜೊಂದರಲ್ಲಿ ಫಿಜಿಕ್ಸ್ ಕಲಿಸುತ್ತಾನೆ, ನಾಲ್ಕು ಮಾತಿಗೊಮ್ಮೆ ನಗುತ್ತಾನೆ. ಮದುವೆಯಾದ ಮರುವರ್ಷವೇ ಕೆರೆಯ ದಂಡೆಗೆ ಒಂದು ಸೋಲಾರ್ ಕಂದೀಲು ತಂದ. ಹಗಲೆಲ್ಲ ಅದರ ಪುಟ್ಟ ಪ್ಯಾನೆಲ್ಲನ್ನು ಬಿಸಿಲಿಗಿಟ್ಟು ಸಂಜೆ ಗುಂಡಿ ಒತ್ತಿದ. ಬೆಳಕೋ ಬೆಳಕು! ಮಾವನವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಸಪ್ಪಳಿಲ್ಲ, ಹೊಗಿಯಿಲ್ಲ, ವಾಸನಿಲ್ಲ. ಭಾಳ ಛಲೋ ಐತ್ರಿ ಅಳಿಯಾರ!"

ಅಳಿಯಾರಂತೆ! ನನ್ನ ಗ್ಯಾಸ್ ಬತ್ತಿ ಗೋಣಿಚೀಲದಿಂದ ಹೊರಗೇ ಬರಲಿಲ್ಲ. ದೀಪ ಮಾರಿ ಹೊಟ್ಟೆ ಹೊರೆಯುವವನು ನಾನು, ದೀಪದಿಂದ ಹೆಸರು ಬಂದದ್ದು ಪಾಠ ಹೇಳುವವನಿಗೆ.

ಊರಿಗೆ ಬಂದವನೇ ಪಣ ತೊಟ್ಟೆ. ಅಂಗಡಿಯಿಂದ ತಂದು ಮುಂದಿಡುವುದು ಯಾರಿಗಾದರೂ ಬರುತ್ತದೆ, ನಾನು ಕೈಯಾರೆ ಕಟ್ಟುತ್ತೇನೆ. ಅವನ ಕಂದೀಲಿಗೆ ಒಂದೇ ದೀಪ. ನನ್ನ ಪೆಟ್ಟಿಗೆಯಲ್ಲಿ ಟ್ಯೂಬು, ಫ್ಯಾನು, ಟೇಪ್‌ರೆಕಾರ್ಡರ್ ಮೂರೂ ನಡೆಯಬೇಕು, ಅದೂ ಅವನ ಖರ್ಚಿಗಿಂತ ಕಡಿಮೆಯಲ್ಲಿ. ಗಬ್ಬೂರ ಬೈಪಾಸಿನ ಹತ್ತಿರದ ಗುಜರಿಯಲ್ಲಿ ಹಳೆಯದಾದರೂ ಜೀವವಿದ್ದ ಪ್ಯಾನೆಲ್ ಸಿಕ್ಕಿತು. ಬ್ಯಾಟರಿಯದೇ ತಲೆನೋವು. ಸ್ಕೂಟರಿನ ಬ್ಯಾಟರಿ ಹಚ್ಚಿದರೆ ಫ್ಯಾನು ಸ್ವಲ್ಪ ಹೊತ್ತು ತಿರುಗಿ ಕೈಚೆಲ್ಲಿತು. ಜೀಪಿನದನ್ನು ಎತ್ತಲು ಇಬ್ಬರು ಆಳು ಬೇಕು. ಕೊನೆಗೆ ಕಂಪ್ಯೂಟರ್ ರಿಪೇರಿಯವರ ಹತ್ತಿರ ಯುಪಿಎಸ್‌ನಿಂದ ತೆಗೆದ ಹಳೆಯ ಬ್ಯಾಟರಿಗಳನ್ನು ತಂದು ಜೋಡಿಸಿದೆ. ಹಳೆಯ ಬಾಗಿಲಿನ ಹಲಗೆ ಕೊಯ್ಯಿಸಿ ಪೆಟ್ಟಿಗೆ ಮಾಡಿಸಿ, ಮೇಲೊಂದು ಹಿತ್ತಾಳೆಯ ಹಿಡಿ ಹಾಕಿಸಿದೆ. ಮರುವರ್ಷ ರಜೆಗೆ ಹೊರಡುವ ಹಿಂದಿನ ಸಂಜೆ ಓಣಿಯವರನ್ನೆಲ್ಲ ಕರೆದು ಮೂರನ್ನೂ ಒಟ್ಟಿಗೆ ನಡೆಸಿದೆ, ಬ್ಯಾಟರಿ ಪೂರಾ ಬರಿದಾಗುವವರೆಗೂ. ಮರುದಿನ ಇಡೀ ದಿನದ ಬಿಸಿಲು ಇತ್ತಲ್ಲ.

ಬೆಳಿಗ್ಗೆ ಪ್ಯಾನೆಲ್ಲನ್ನು ಟೆಂಪೋದ ನೆತ್ತಿಗೆ ಬಿಗಿದೆವು. ಹೊಸ ಸಾಮಾನು ಪೂಜೆಯಿಲ್ಲದೆ ಹೊಸ್ತಿಲು ದಾಟುವ ಮನೆಯಲ್ಲ ಅದು. ಅತ್ತೆಯವರು ಟೆಂಪೋಕ್ಕೆ ಕಾಯಿ ಒಡೆದು, ಪ್ಯಾನೆಲ್ಲಿನ ಗಾಜಿಗೆ ವಿಭೂತಿ ಕಲಸಿ ಮೂರು ಅಗಲ ಪಟ್ಟೆ ಎಳೆಸಿದರು, ನಡುವೆ ಕುಂಕುಮ. ಷಡ್ಡಕನ ಕಂದೀಲಿಗೂ ಒಂದು ಹೂವು ಸಿಕ್ಕಿತು. ನನಗೆ ತಡೆಯಲಿಲ್ಲ.

"ಅತ್ತಿಯವರ, ಇದಕ್ಕ ದೊಡ್ಡ ಮಾಲಿ ಹಾಕ್ರಿ" ಅಂದೆ. ಟೆಂಪೋಕ್ಕೆಂದು ತಂದಿದ್ದ ಚೆಂಡುಹೂವಿನ ದಪ್ಪ ಮಾಲೆ ನನ್ನ ಪ್ಯಾನೆಲ್ಲಿಗೆ ಬಿತ್ತು. ಜನ್ಮ ಸಾರ್ಥಕವಾಯಿತು.

ಕೆರೆ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಟೆಂಪೋವನ್ನು ಬಯಲಲ್ಲಿ ನಿಲ್ಲಿಸಿ ಡೇರೆ ಕಟ್ಟುತ್ತಿದ್ದೆವು. ಷಡ್ಡಕ ಮೇಲೆ ನೋಡಿ ಮೆಲ್ಲಗೆ ನನ್ನ ಹತ್ತಿರ ಬಂದ.

"ಅಣ್ಣಾರ, ಆ ಮಾಲಿ ತಗದು ಗಾಜು ಒರಸಲೇನ್ರಿ? ಸ್ವಲ್ಪ ನೆರಳ ಬಿದ್ದರೂ ಅದು ಚಾರ್ಜ್ ಮಾಡೂದಿಲ್ರಿ."

"ಅತ್ತಿಯವರು ಪೂಜಿ ಮಾಡಿದ್ದನ್ನ ಒರಸ್ತೀರೇನು? ಯಾಕ್ರಿ, ಹೊಟ್ಟಿ ಉರಿಯಾಕತ್ತೇತೇನು?" ಅಂದೆ.

ಅವನು ನಕ್ಕು ಡೇರೆಯ ಹಗ್ಗ ಬಿಗಿಯಲು ಹೋದ. ಅವನು ಹೇಳಿದ್ದು ಖರೇ ಇರಬಹುದು ಎಂದು ನನಗೆ ಹೊಳೆಯದೆ ಇರಲಿಲ್ಲ. ಆದರೆ ಅವನ ಮಾತು ಕೇಳಿ ಮಾಲೆ ತೆಗೆದರೆ ಸಂಜೆಯ ಬೆಳಕು ಅರ್ಧ ಅವನದಾಗುತ್ತಿತ್ತು. ಅರ್ಧವನ್ನೂ ಕೊಡಲು ನಾನು ತಯಾರಿರಲಿಲ್ಲ.

ಮಬ್ಬುಗತ್ತಲಾಯಿತು. ಜಮಖಾನೆ ಹಾಸಿ, ರೊಟ್ಟಿಯ ಗಂಟು ಬಿಚ್ಚಿ ಎಲ್ಲರೂ ಸುತ್ತ ಕುಳಿತರು. ನಡುವೆ ನನ್ನ ಪೆಟ್ಟಿಗೆ. ಮಾವನವರು ಅದರ ಹಿತ್ತಾಳೆ ಹಿಡಿಯ ಮೇಲೆ ಕೈಯಾಡಿಸಿ, "ಹಚ್ಚರಿ ಅಳಿಯಾರ" ಅಂದರು. ಸ್ವಿಚ್ ಒತ್ತಿದೆ. ಟ್ಯೂಬಿನ ಎರಡೂ ತುದಿ ಒಂದಿಷ್ಟು ಕೆಂಪಾಗಿ ಆರಿಹೋದವು. ಮತ್ತೆ ಒತ್ತಿದೆ. ಈ ಸಲ ಅದೂ ಇಲ್ಲ.

"ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು" ಎಂದು ಗೊಣಗಿದಳು ನನ್ನ ಹೆಂಡತಿ. ಕಟ್ಟಿಕೊಂಡವಳೇ ಹೀಗಂದ ಮೇಲೆ ಉಳಿದವರಿಗೆ ಹೇಳಲು ಏನೂ ಉಳಿಯಲಿಲ್ಲ.

ಈಗ ಇವನು ಗುಂಡಿ ಒತ್ತುತ್ತಾನೆ, ಎಲ್ಲ ಮುಗಿಯಿತು ಎಂದು ಹಲ್ಲು ಕಚ್ಚಿ ಕುಳಿತೆ. ಷಡ್ಡಕ ಕಂದೀಲನ್ನು ತೊಡೆಯ ಮೇಲಿಟ್ಟುಕೊಂಡು ಅಲುಗಾಡಿಸಿದ.

"ನಂದೂ ಯಾಕೋ ಹತ್ತವಲ್ದು ನೋಡ್ರಿ."

ನಾನು ಅವನ ಪಕ್ಕದಲ್ಲೇ ಇದ್ದೆ. ಅವನ ಹೆಬ್ಬೆರಳು ಗುಂಡಿಯನ್ನು ಮುಟ್ಟಿಯೇ ಇರಲಿಲ್ಲ. ಅದರ ಪಕ್ಕದ ಬರೀ ಪ್ಲಾಸ್ಟಿಕ್ಕನ್ನು ಒತ್ತುತ್ತಿತ್ತು. ನನ್ನ ಮರ್ಯಾದೆ ಕಾಯಲು ಹೊರಟಿದ್ದ, ಪುಣ್ಯಾತ್ಮ! ಇದನ್ನೂ ಇವನೇ ಮಾಡಬೇಕೆ? ನನಗೆ ಮೈಯೆಲ್ಲ ಉರಿದುಹೋಯಿತು.

"ರೆಡಿಮೇಡ್ ಸಾಮಾನಿನ ಹಣೇಬರಾನ ಇಷ್ಟ ಬಿಡ್ರಿ" ಎಂದೆ, ಎಲ್ಲರಿಗೂ ಕೇಳುವಂತೆ.

ಮಾವನವರು ಒಂದು ರೊಟ್ಟಿ ಮುರಿದು ನಿಧಾನವಾಗಿ ತಟ್ಟೆಯಲ್ಲಿಟ್ಟರು.

"ಸಣ್ಣ ಅಳಿಯಾರ, ಸಾಕು, ಹಚ್ಚಿಬಿಡ್ರಿ ಇನ್ನ. ದೊಡ್ಡ ಅಳಿಯಾರು ಏನೂ ಅನ್ಕೊಳ್ಳೂದಿಲ್ಲ."

ಕಂದೀಲು ಹೊತ್ತಿತು. ರೊಟ್ಟಿಯ ಕಡೆ ಯಾರೂ ನೋಡಲಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.